ರಸಾಯನಶಾಸ್ತ್ರಕ್ಕೆ ಲೆಕ್ಕ ಕಲಿಸಿದ ಲವಾಸಿಯೆ

(ಸಂಘದ ಆಶ್ರಯದಲ್ಲಿ ನಡೆದ ‘ದಿವಂಗತ ವಿಜ್ಞಾನಿಗಳು’ ಉಪನ್ಯಾಸಮಾಲೆಯಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ಈ ಮಾಲೆಯಲ್ಲಿ ನನಗಿಂತ ಮೊದಲು ಮಾತನಾಡಿದವರೆಲ್ಲರೂ ವಿಜ್ಞಾನವನ್ನು ಕ್ರಮವಾಗಿ ಓದಿದವರು. ನಾನಾದರೋ ವಾಣಿಜ್ಯದ ಪದವೀಧರ. ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುವವನು. ಕಾರ್ಯದರ್ಶಿಗಳು ನನ್ನ ಹೆಸರನ್ನು ಪಟ್ಟಿಗೆ ಸೇರಿಸಿದಾಗ, ಲೆಕ್ಕದ ಪುಸ್ತಕದವನಿಗೆ ರಸಾಯನಶಾಲೆಯಲ್ಲಿ ಏನು ಕೆಲಸವೆಂದು ಕೆಲವು ಮಿತ್ರರು ನಕ್ಕರು. ಅವರಿಗೆ ಉತ್ತರವಾಗಿಯೇ ನಾನು ಈ ಹೊತ್ತಿನ ವಿಷಯವನ್ನು ಆರಿಸಿಕೊಂಡಿದ್ದೇನೆ. ಆಂತ್ವಾನ್ ಲವಾಸಿಯೆ ಎಂಬ ಫ್ರೆಂಚ್ ಮಹನೀಯನು ಹಗಲೆಲ್ಲ ಸುಂಕ, ತೆರಿಗೆ, ಬ್ಯಾಂಕುಗಳ ಲೆಕ್ಕ ನೋಡುತ್ತಿದ್ದವನು. ಆ ಲೆಕ್ಕದ ಬುದ್ಧಿಯನ್ನೇ ಪ್ರಯೋಗಶಾಲೆಗೂ ಕೊಂಡೊಯ್ದು, ರಸವಾದಿಗಳ ಕೈಯಲ್ಲಿ ಗೊಂದಲದ ಗೂಡಾಗಿದ್ದ ರಸಾಯನ ವಿದ್ಯೆಯನ್ನು ಶಾಸ್ತ್ರವನ್ನಾಗಿ ಮಾಡಿದವನು. ಕೊನೆಗೆ ಅದೇ ಸುಂಕದ ಲೆಕ್ಕವೇ ಅವನ ತಲೆಯನ್ನು ತೆಗೆಯಿತು.

ಇನ್ನೊಂದು ಸಣ್ಣ ಕಾರಣವೂ ಉಂಟು. ನವೆಂಬರ್ 1 ಎಂದರೆ ನಮಗೆಲ್ಲ ಕನ್ನಡನಾಡು ಒಂದಾದ ದಿನ. 1956ರ ಆ ದಿನ. ಲವಾಸಿಯೆ ತನ್ನ ಜೀವನದ ಮಹಾ ಸಂಶೋಧನೆಯ ಮೊದಲ ಟಿಪ್ಪಣಿಯನ್ನು ಬರೆದು, ಲಕೋಟೆಗೆ ಮೊಹರು ಹಾಕಿಸಿ, ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ವಶಕ್ಕೆ ಕೊಟ್ಟನಷ್ಟೆ. ಆ ಟಿಪ್ಪಣಿಯ ತಾರೀಖು 1772ನೆಯ ಇಸವಿ ನವೆಂಬರ್ 1. ಇದು ಕೇವಲ ಕಾಕತಾಳೀಯ. ಆದರೂ ರಾಜ್ಯೋತ್ಸವದ ಸಂದರ್ಭದಲ್ಲಿ ನೆನೆಯಲು ಒಳ್ಳೆಯ ನೆಪ.

ಆ ಲಕೋಟೆಯೊಳಗೆ ಏನಿತ್ತು? ಅದನ್ನು ತಿಳಿಯಬೇಕಾದರೆ ಅಂದಿನ ವಿದ್ವಾಂಸರು ಬೆಂಕಿಯ ವಿಷಯದಲ್ಲಿ ಏನು ನಂಬಿದ್ದರೆಂಬುದನ್ನು ಮೊದಲು ನೋಡಬೇಕು. ಕಟ್ಟಿಗೆ ಉರಿದರೆ ಬೂದಿ ಉಳಿಯುತ್ತದೆ. ಬೂದಿ ಕಟ್ಟಿಗೆಗಿಂತ ಬಹಳ ಹಗುರ. ಆದುದರಿಂದ ಉರಿಯುವಾಗ ವಸ್ತುವಿನೊಳಗಿಂದ ಏನೋ ಒಂದು ಹೊರಟುಹೋಗುತ್ತದೆಂದು ತೋರುವುದು ಸಹಜವೇ. ಜರ್ಮನಿಯ ಸ್ಟಾಲ್ ಎಂಬ ಪಂಡಿತನು ಅದಕ್ಕೆ ‘ಫ್ಲೊಜಿಸ್ಟನ್’ ಎಂದು ಹೆಸರಿಟ್ಟಿದ್ದ. ಯೂರೋಪಿನ ಪಂಡಿತರು ಬಹುಮಟ್ಟಿಗೆ ಇದನ್ನು ಒಪ್ಪಿದ್ದರು. ಆದರೆ ಇಲ್ಲಿ ಒಂದು ತೊಡಕು ಇತ್ತು. ತವರವನ್ನೋ ಸೀಸವನ್ನೋ ಗಾಳಿಯಲ್ಲಿ ಚೆನ್ನಾಗಿ ಕಾಯಿಸಿದರೆ ಅದು ಭಸ್ಮವಾಗುತ್ತದೆ. ಆ ಭಸ್ಮವನ್ನು ತೂಗಿದರೆ ಮೂಲ ಲೋಹಕ್ಕಿಂತ ಹೆಚ್ಚು ತೂಗುತ್ತದೆ! ಒಳಗಿನದು ಹೊರಟುಹೋದ ಮೇಲೆ ತೂಕ ಏರುವುದು ಹೇಗೆ? ಕೆಲವರು, ಫ್ಲೊಜಿಸ್ಟನ್ನಿಗೆ ಇರುವ ತೂಕವೇ ಋಣರೂಪದ್ದು, ಅದು ಹೋದರೆ ವಸ್ತು ಭಾರವಾಗುತ್ತದೆ ಎಂದು ಸಮಾಧಾನ ಹೇಳಿಕೊಂಡರು.

ಇದನ್ನು ನಮ್ಮ ಕಸುಬಿನ ಮಾತಿನಲ್ಲಿ ಹೇಳಲು ಅಪ್ಪಣೆ ಕೊಡಿ. ಪೆಟ್ಟಿಗೆಯಿಂದ ಹಣ ಖರ್ಚಾಗಿದೆ ಎಂದು ಕೀರ್ದಿ ಹೇಳುತ್ತದೆ. ಸಾಯಂಕಾಲ ಎಣಿಸಿದರೆ ಶಿಲ್ಕು ಬೆಳಗಿಗಿಂತ ಹೆಚ್ಚಾಗಿದೆ. ಆಗ ಯಾವ ಗುಮಾಸ್ತನಾದರೂ ‘ಈ ಹಣ ಋಣರೂಪದ ಹಣ’ ಎಂದು ಹೇಳಿ ಮನೆಗೆ ಹೋಗುತ್ತಾನೆಯೆ? ಎಲ್ಲಿಯೋ ಒಂದು ಜಮೆ ಬರೆಯದೆ ಬಿಟ್ಟುಹೋಗಿದೆ ಎಂದೇ ಹುಡುಕುತ್ತಾನೆ. ಲವಾಸಿಯೆ ಮಾಡಿದ್ದು ಅದನ್ನೇ. ಬರೆಯದೆ ಬಿಟ್ಟಿದ್ದ ಆ ಜಮೆ ಗಾಳಿ. ಕಣ್ಣಿಗೆ ಕಾಣದ್ದೆಂದು ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅವನು ಹುಟ್ಟಿದ್ದು 1743ರ ಆಗಸ್ಟ್ 26ರಂದು, ಪ್ಯಾರಿಸಿನಲ್ಲಿ. ತಂದೆ ವಕೀಲ. ಐದು ವರ್ಷದ ಬಾಲಕನಾಗಿದ್ದಾಗಲೇ ತಾಯಿ ತೀರಿಕೊಂಡಳು. ಮನೆತನದ ವಾಡಿಕೆಯಂತೆ ಕಾನೂನು ಓದಿ ಪದವಿ ಪಡೆದ; ಆದರೆ ಮನಸ್ಸು ಖನಿಜ, ರಸಾಯನಗಳ ಕಡೆಗಿತ್ತು. ರಾತ್ರಿ ವೇಳೆ ನಗರದ ಬೀದಿಗಳಿಗೆ ಉತ್ತಮ ದೀಪದ ವ್ಯವಸ್ಥೆ ಹೇಗೆಂಬ ವಿಷಯದಲ್ಲಿ ಪ್ರಬಂಧ ಬರೆದು 1766ರಲ್ಲಿ ಚಿನ್ನದ ಪದಕ ಪಡೆದ. 1768ರಲ್ಲಿ, ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ, ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದ. ಅದೇ ವರ್ಷ ಇನ್ನೊಂದು ಕೆಲಸವನ್ನೂ ಮಾಡಿದ: ‘ಫೆರ್ಮ್ ಜೆನೆರಾಲ್’ ಎಂಬ ತೆರಿಗೆ ಗುತ್ತಿಗೆಯ ಕೂಟದಲ್ಲಿ ಪಾಲು ಕೊಂಡ. ಒಂದು ಅವನಿಗೆ ಕೀರ್ತಿಯನ್ನೂ, ಮತ್ತೊಂದು ಮರಣವನ್ನೂ ತಂದಿತು.

ಅವನ ಸ್ವಭಾವ ತಿಳಿಯಲು ಆ ಕಾಲದ ಒಂದು ಪ್ರಯೋಗ ಸಾಕು. ನೀರನ್ನು ಬಹುಕಾಲ ಕುದಿಸಿದರೆ ಅದರಲ್ಲಿ ಸ್ವಲ್ಪ ಭಾಗ ಮಣ್ಣಾಗಿ ಮಾರ್ಪಡುತ್ತದೆ ಎಂಬ ನಂಬಿಕೆ ಇತ್ತು. ಪಾತ್ರೆಯ ತಳದಲ್ಲಿ ಪುಡಿ ಕೂರುವುದನ್ನು ಎಲ್ಲರೂ ಕಂಡಿದ್ದರು. ಲವಾಸಿಯೆ ಒಂದು ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಶುದ್ಧವಾದ ನೀರನ್ನಿಟ್ಟು 101 ದಿನ ಕಾಯಿಸಿದ. ಪುಡಿ ಬಂದಿತು. ಆದರೆ ನೀರು, ಪಾತ್ರೆ ಎರಡನ್ನೂ ಮೊದಲೇ ಬೇರೆ ಬೇರೆಯಾಗಿ ತೂಗಿ ಇಟ್ಟಿದ್ದನಾದ್ದರಿಂದ ಗುಟ್ಟು ಬಯಲಾಯಿತು. ನೀರಿನ ತೂಕ ಕಡಮೆಯಾಗಿರಲಿಲ್ಲ, ಪಾತ್ರೆಯ ತೂಕ ಇಳಿದಿತ್ತು. ಮಣ್ಣಾದದ್ದು ನೀರಲ್ಲ, ಗಾಜು ಸವೆದು ಕೆಳಗೆ ಕೂತಿತ್ತು. ಶತಮಾನಗಳ ನಂಬಿಕೆಯನ್ನು ತಕ್ಕಡಿ ತೀರ್ಮಾನಿಸಿತು.

ಈಗ ಲಕೋಟೆಗೆ ಬರೋಣ. ಗಂಧಕವೂ ರಂಜಕವೂ ಉರಿದಾಗ ತೂಕ ಕಳೆದುಕೊಳ್ಳುವುದಿಲ್ಲ, ಗಳಿಸುತ್ತವೆ. ಗಾಳಿಯನ್ನು ಹಿಡಿದುಕೊಳ್ಳುವುದರಿಂದಲೇ ಹೀಗಾಗುತ್ತದೆ. ಲೋಹಗಳು ಭಸ್ಮವಾಗುವಾಗ ಭಾರವೇರುವುದಕ್ಕೂ ಇದೇ ಕಾರಣವಿರಬೇಕು. ಇಷ್ಟು ಆ ಟಿಪ್ಪಣಿಯ ತಿರುಳು. ಅನಂತರ 1774ರಲ್ಲಿ ತವರವನ್ನು ಗಾಜಿನ ಪಾತ್ರೆಯಲ್ಲಿಟ್ಟು, ಬಾಯಿಯನ್ನು ಬೆಸೆದು ಮುಚ್ಚಿ ಕಾಯಿಸಿದ. ತವರದ ಸ್ವಲ್ಪ ಭಾಗ ಭಸ್ಮವಾಯಿತು. ಆದರೆ ಮುಚ್ಚಿದ ಪಾತ್ರೆಯ ಒಟ್ಟು ತೂಕ ಮೊದಲಿನಷ್ಟೇ ಇತ್ತು. ಬಾಯಿ ತೆರೆದೊಡನೆ ಹೊರಗಿನ ಗಾಳಿ ಒಳಕ್ಕೆ ನುಗ್ಗಿತು. ಆಗ ತೂಕ ಹೆಚ್ಚಿತು. ಹಾಗಾದರೆ ಹೆಚ್ಚಳವೆಲ್ಲ ಗಾಳಿಯದೇ.

ಆದರೆ ಯಾವ ಗಾಳಿ? ಆ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಪ್ಯಾರಿಸಿಗೆ ಬಂದು ಲವಾಸಿಯೆಯ ಮನೆಯಲ್ಲಿ ಊಟಮಾಡಿದ. ಪಾದರಸದ ಕೆಂಪು ಭಸ್ಮವನ್ನು ಕಾಯಿಸಿದಾಗ ಬರುವ ಗಾಳಿಯಲ್ಲಿ ಮೇಣದ ಬತ್ತಿ ಪ್ರಜ್ವಲವಾಗಿ ಉರಿಯುತ್ತದೆಂಬ ಸಂಗತಿಯನ್ನು ಊಟದ ಮೇಜಿನಲ್ಲಿ ಹೇಳಿದ. ಲವಾಸಿಯೆ ಅದನ್ನು ಹಿಡಿದು ತನ್ನ ಪ್ರಸಿದ್ಧ ಪ್ರಯೋಗವನ್ನು ಹೂಡಿದ. ಪಾದರಸವನ್ನು 50 ಘನ ಅಂಗುಲ ಗಾಳಿಯ ಸಂಪರ್ಕದಲ್ಲಿಟ್ಟು ಹನ್ನೆರಡು ದಿನ ಹಗಲೂ ರಾತ್ರಿ ಕಾಯಿಸಿದ. ಪಾದರಸದ ಮೇಲೆ ಕೆಂಪು ಪುಡಿ ಕಟ್ಟಿತು. ಗಾಳಿ ಸುಮಾರು 42 ಘನ ಅಂಗುಲಕ್ಕೆ ಇಳಿಯಿತು. ಉಳಿದ ಗಾಳಿಯಲ್ಲಿ ದೀಪ ಆರಿತು, ಇಲಿ ಬದುಕಲಿಲ್ಲ. ಕೆಂಪು ಪುಡಿಯನ್ನು ಕೂಡಿಸಿ ತೂಗಿದರೆ 45 ಗ್ರೇನ್. ಅದನ್ನು ಬೇರೆ ಪಾತ್ರೆಯಲ್ಲಿ ಇನ್ನೂ ಹೆಚ್ಚು ಕಾಯಿಸಿದಾಗ ನಲವತ್ತೊಂದೂವರೆ ಗ್ರೇನ್ ಪಾದರಸವೂ, ಏಳೆಂಟು ಘನ ಅಂಗುಲ ಗಾಳಿಯೂ ಹೊರಬಂದವು. ಕಳೆದುಹೋದಷ್ಟೇ ಗಾಳಿ ಮರಳಿ ಬಂತು! ಅದನ್ನು ಉಳಿದ ಗಾಳಿಯೊಂದಿಗೆ ಬೆರೆಸಿದರೆ ಮತ್ತೆ ನಾವು ಉಸಿರಾಡುವ ಗಾಳಿಯಾಯಿತು. ಜಮೆಯೂ ಖರ್ಚೂ ತಾಳೆಯಾದವು. ಇಂಥ ಅಢಾವೆ ಪತ್ರಿಕೆಯನ್ನು ಪ್ರಕೃತಿಯ ಕೈಯಿಂದ ಅದುವರೆಗೆ ಯಾರೂ ಬರೆಯಿಸಿರಲಿಲ್ಲ.

ಮುಂದಿನದನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1783ರಲ್ಲಿ ಲಾಪ್ಲಾಸನೊಡನೆ ಸೇರಿ ಎರಡು ಅನಿಲಗಳನ್ನು ಕೂಡಿಸಿ ಉರಿಸಿ ನೀರನ್ನು ಪಡೆದ. ನೀರು ಮೂಲವಸ್ತುವಲ್ಲ, ಸಂಯುಕ್ತವೆಂದು ಸಾರಿದ. ಇಂಗ್ಲೆಂಡಿನ ಕ್ಯಾವೆಂಡಿಷ್ ಇದಕ್ಕೂ ಮೊದಲೇ ಈ ಪ್ರಯೋಗ ಮಾಡಿದ್ದರೂ ಅದರ ಅರ್ಥವನ್ನು ಬಿಡಿಸಿ ಹೇಳಿದವನು ಲವಾಸಿಯೆ. ಇಬ್ಬರೂ ಸೇರಿಯೇ ಒಂದು ಗಿನಿಯಿಲಿಯನ್ನು ಮಂಜುಗಡ್ಡೆಯ ನಡುವೆ ಗೂಡಿನಲ್ಲಿಟ್ಟು, ಅದರ ಮೈಶಾಖದಿಂದ ಎಷ್ಟು ಮಂಜು ಕರಗಿತೆಂದು ಅಳೆದು, ಅದು ಹೊರಬಿಟ್ಟ ಉಸಿರಿನೊಂದಿಗೆ ಹೋಲಿಸಿದರು. ಉಸಿರಾಟವೆಂದರೆ ನಿಧಾನವಾದ ದಹನ. ನಮ್ಮೊಳಗೂ ಒಂದು ಒಲೆ ಹೊಗೆಯಿಲ್ಲದೆ ಉರಿಯುತ್ತಿದೆ ಎಂಬ ಜ್ಞಾನ ಅಂದು ಮನುಷ್ಯನಿಗೆ ಬಂತು.

1789ರಲ್ಲಿ ಅವನ ರಸಾಯನಶಾಸ್ತ್ರದ ಪಠ್ಯಪುಸ್ತಕ ಹೊರಬಿತ್ತು. ದ್ರಾಕ್ಷಾರಸ ಹುಳಿತು ಮದ್ಯವಾಗುವ ಪ್ರಕರಣವನ್ನು ವಿವರಿಸುತ್ತ, ಯಾವ ಕ್ರಿಯೆಯಲ್ಲಿಯೂ ಮೊದಲಿದ್ದಷ್ಟೇ ವಸ್ತು ಕೊನೆಗೂ ಇರುತ್ತದೆಂಬ ತತ್ತ್ವವನ್ನು ಅಲ್ಲಿ ಸ್ಪಷ್ಟವಾಗಿ ಬರೆದ. ಇಂದು ಶಾಲೆಯ ಮಕ್ಕಳು ಸಮೀಕರಣದ ಎರಡು ಬದಿಗಳನ್ನು ಸರಿದೂಗಿಸುವಾಗ ಮಾಡುವುದು ಲವಾಸಿಯೆಯ ಲೆಕ್ಕವನ್ನೇ.

ಇನ್ನು ನಮ್ಮ ಸಂಘಕ್ಕೆ ವಿಶೇಷವಾಗಿ ಸಂಬಂಧಿಸಿದ ಮಾತು. ಲವಾಸಿಯೆಯ ಕಾಲದಲ್ಲಿ ರಾಸಾಯನಿಕಗಳ ಹೆಸರುಗಳು ಕೇಳುವುದಕ್ಕೆ ಚೆಂದ, ತಿಳಿಯುವುದಕ್ಕೆ ಕಷ್ಟ. ಆಂಟಿಮನಿಯ ಬೆಣ್ಣೆ, ಗಂಧಕದ ಯಕೃತ್ತು, ಸತುವಿನ ಹೂವು, ಹೀಗೆ. ಬೆಣ್ಣೆಯೆಂದು ಬಾಯಿಗೆ ಹಾಕಿಕೊಂಡವನ ಗತಿ ದೇವರೇ ಬಲ್ಲ! 1787ರಲ್ಲಿ ಲವಾಸಿಯೆ, ಗಿಟೋನ್ ದ ಮೊರ್ವೊ, ಬೆರ್ತೊಲೆ, ಫೂರ್ಕ್ರ್ವಾ ಎಂಬ ನಾಲ್ವರು ಸೇರಿ ಹೊಸ ಪರಿಭಾಷೆಯನ್ನು ಪ್ರಕಟಿಸಿದರು. ವಸ್ತುವಿನ ಹೆಸರೇ ಅದು ಯಾವುದರಿಂದ ಆಗಿದೆಯೆಂಬುದನ್ನು ಹೇಳಬೇಕು ಎಂಬುದು ಅವರ ನಿಯಮ. ನಮ್ಮ ಮಲೆನಾಡಿನ ಅಡಕೆ ತೋಟದವರು ಬಲ್ಲ ಮೈಲುತುತ್ತವನ್ನೇ ತೆಗೆದುಕೊಳ್ಳಿ. ಆ ಹೆಸರು ನವಿಲಿನ ಬಣ್ಣವನ್ನು ಕಣ್ಣಿಗೆ ಕಟ್ಟುತ್ತದೆ, ಒಳಗೇನಿದೆಯೆಂದು ಹೇಳುವುದಿಲ್ಲ. ತಾಮ್ರದ ಸಲ್ಫೇಟು ಎಂದೊಡನೆ ತಾಮ್ರವಿದೆ, ಗಂಧಕವಿದೆ ಎಂದು ಓದಿದವನಿಗೆ ತಿಳಿಯುತ್ತದೆ. ಭಾಷೆ ಸರಿಯಾಗದೆ ಶಾಸ್ತ್ರ ಸರಿಯಾಗದು, ಶಾಸ್ತ್ರ ಸರಿಯಾಗದೆ ಭಾಷೆಯೂ ಸರಿಯಾಗದು ಎಂಬುದು ಅವನ ದೃಢವಾದ ಅಭಿಪ್ರಾಯ.

ಆ ಪರಿಭಾಷೆಯ ಎರಡು ಹೆಸರುಗಳು ಕನ್ನಡಕ್ಕೂ ಬಂದಿವೆ. ನೀರನ್ನು ಹುಟ್ಟಿಸುವುದೆಂದು ಅವರಿಟ್ಟ ಹೆಸರು ನಮ್ಮಲ್ಲಿ ಜಲಜನಕ. ಆಮ್ಲವನ್ನು ಹುಟ್ಟಿಸುವುದೆಂಬುದು ಆಮ್ಲಜನಕ. ಮೊದಲನೆಯದು ಸರಿಯಾದ ಹೆಸರು. ಎರಡನೆಯದರಲ್ಲಿ ಲವಾಸಿಯೆ ಎಡವಿದ. ಎಲ್ಲ ಆಮ್ಲಗಳಲ್ಲೂ ಈ ಅನಿಲ ಇದ್ದೇ ಇರುತ್ತದೆಂದು ಅವನು ಭಾವಿಸಿದ್ದ. 1810ರಲ್ಲಿ ಹಂಫ್ರಿ ಡೇವಿ, ಉಪ್ಪಿನಿಂದ ತೆಗೆಯುವ ಆಮ್ಲದಲ್ಲಿ ಇರುವುದು ಜಲಜನಕವೂ ಕ್ಲೋರೀನೂ ಮಾತ್ರ, ಆಮ್ಲಜನಕ ಅದರಲ್ಲಿ ಇಲ್ಲವೇ ಇಲ್ಲ ಎಂದು ತೋರಿಸಿದ. ಆದರೆ ಅಷ್ಟರೊಳಗೆ ಹೆಸರು ಊರಿನಲ್ಲಿ ನಿಂತುಹೋಗಿತ್ತು. ಇಂದಿಗೂ ಆಸ್ಪತ್ರೆಯಲ್ಲಿ ಆಮ್ಲಜನಕದ ಸಿಲಿಂಡರ್ ಎನ್ನುವಾಗಲೆಲ್ಲ ನಾವು ಅಚ್ಚಗನ್ನಡಿಗರು ಒಬ್ಬ ಫ್ರೆಂಚ್ ಪಂಡಿತನ ತಪ್ಪನ್ನು ಉಚ್ಚರಿಸುತ್ತಿದ್ದೇವೆ!

ಮಹನೀಯರ ಖಾತೆಯಲ್ಲಿ ಜಮೆಯ ಕಡೆಯನ್ನು ಮಾತ್ರ ಓದಿ ಕೂರುವುದು ಲವಾಸಿಯೆಗೆ ಒಪ್ಪುವ ರೀತಿಯಲ್ಲ. ಆದ್ದರಿಂದ ಇನ್ನೊಂದು ಕಡೆಯನ್ನೂ ಹೇಳುತ್ತೇನೆ. ಆಮ್ಲಜನಕವನ್ನು ಮೊದಲು ಪಡೆದವರು ಸ್ವೀಡನ್ನಿನ ಷೀಲೆ ಮತ್ತು ಪ್ರೀಸ್ಟ್ಲಿ. ಅವರಿಗೆ ಸಲ್ಲಬೇಕಾದ ಮನ್ನಣೆಯನ್ನು ಲವಾಸಿಯೆ ತನ್ನ ಬರಹಗಳಲ್ಲಿ ಧಾರಾಳವಾಗಿ ಸಲ್ಲಿಸಲಿಲ್ಲ. ಶಾಖವನ್ನೂ ಬೆಳಕನ್ನೂ ತನ್ನ 33 ಮೂಲವಸ್ತುಗಳ ಪಟ್ಟಿಗೆ ಸೇರಿಸಿದ್ದ. ಅವು ವಸ್ತುಗಳಲ್ಲವೆಂದು ಮುಂದಿನವರು ತೆಗೆದುಹಾಕಿದರು. ಆದರೂ ಕಂಡದ್ದರ ಅರ್ಥವನ್ನು ಹಿಡಿದವನು ಅವನೇ. ಪ್ರೀಸ್ಟ್ಲಿ ತನ್ನ ಕೈಯಲ್ಲಿದ್ದ ಅನಿಲವನ್ನು ಕಡೆಯವರೆಗೂ ‘ಫ್ಲೊಜಿಸ್ಟನ್ ಕಳೆದ ಗಾಳಿ’ ಎಂದೇ ಕರೆದ.

ಈ ಎಲ್ಲ ಪ್ರಯೋಗಗಳಿಗೆ ಬೇಕಾದ ತಕ್ಕಡಿ, ಗಾಜು, ಯಂತ್ರಗಳು ಬಹಳ ಬೆಲೆಯುಳ್ಳವು. ಹಣ ಎಲ್ಲಿಂದ ಬಂತು? ಮುಖ್ಯವಾಗಿ ತೆರಿಗೆ ಗುತ್ತಿಗೆಯಿಂದ. ಫೆರ್ಮ್ ಜೆನೆರಾಲ್ ಕೂಟವು ದೊರೆಗೆ ಹಣವನ್ನು ಮುಂಗಡ ಕೊಟ್ಟು, ಉಪ್ಪು, ತಂಬಾಕು, ಪಟ್ಟಣಕ್ಕೆ ಬರುವ ಸರಕುಗಳ ಮೇಲಿನ ಸುಂಕವನ್ನು ತಾನೇ ವಸೂಲುಮಾಡುತ್ತಿತ್ತು. ಉಪ್ಪಿನ ತೆರಿಗೆ ಬಡವನ ಒಲೆಯ ಮುಂದೆ ಹೇಗೆ ಕಾಣುತ್ತದೆಂಬುದನ್ನು ನಮಗೆ ಬೇರೆಯಾಗಿ ಹೇಳಬೇಕಾಗಿಲ್ಲ. 1930ರಲ್ಲಿ ದಂಡಿಯಲ್ಲಿ ಗಾಂಧೀಜಿ, ನಮ್ಮ ಅಂಕೋಲೆಯಲ್ಲಿ ಕರ್ನಾಟಕದ ಸತ್ಯಾಗ್ರಹಿಗಳು ಉಪ್ಪು ತೆಗೆದದ್ದು ಅಂಥದೇ ತೆರಿಗೆಯ ವಿರುದ್ಧ. ಕಳ್ಳಸಾಗಣೆಯನ್ನು ತಡೆಯಲು ಪ್ಯಾರಿಸಿನ ಸುತ್ತ ಗೋಡೆ ಕಟ್ಟಿಸುವ ಸಲಹೆಯೂ ಲವಾಸಿಯೆಯದೇ. ಆ ಗೋಡೆ ಎದ್ದಂತೆ ಜನರ ದ್ವೇಷವೂ ಎದ್ದಿತು. ಜನಕ್ಕೆ ಅವನ ತಕ್ಕಡಿ ಕಾಣಲಿಲ್ಲ, ಗೋಡೆ ಕಂಡಿತು.

ಹಾಗೆಂದು ಅವನು ಜನದ್ರೋಹಿಯೇ? 1775ರಿಂದ ಸರಕಾರದ ಮದ್ದಿನ ಇಲಾಖೆಯಲ್ಲಿದ್ದು ದೇಶದ ಸಿಡಿಮದ್ದಿನ ಗುಣವನ್ನು ಉತ್ತಮಪಡಿಸಿದ. ಹಳ್ಳಿಯಲ್ಲಿ ಜಮೀನು ಮಾಡಿ ಬೇಸಾಯದ ಪ್ರಯೋಗಗಳನ್ನು ನಡೆಸಿದ. ಅಲ್ಲಿಯೂ ಬಿತ್ತಿದ್ದೆಷ್ಟು, ಬೆಳೆದದ್ದೆಷ್ಟು ಎಂಬ ಲೆಕ್ಕ. ಕ್ಷಾಮ ಬಂದಾಗ ಬ್ಲ್ವಾ ಪಟ್ಟಣಕ್ಕೆ ಧಾನ್ಯ ಕೊಳ್ಳಲು ಬಡ್ಡಿಯಿಲ್ಲದೆ ಹಣ ಕೊಟ್ಟ. ಅಂದಿನ ದೊಡ್ಡ ಬ್ಯಾಂಕೊಂದರ ನಿರ್ದೇಶಕನಾಗಿ ಅದರ ಸ್ಥಿತಿಗತಿಯ ವರದಿಯನ್ನು 1789ರಲ್ಲಿ ರಾಷ್ಟ್ರೀಯ ಸಭೆಗೆ ಒಪ್ಪಿಸಿದ. ಇಂದು ನಾವು ಬಳಸುವ ಮೆಟ್ರಿಕ್ ಪದ್ಧತಿಗಾಗಿ ನೀರಿನ ತೂಕವನ್ನು ನಿಷ್ಕೃಷ್ಟವಾಗಿ ತೂಗಿದವರಲ್ಲಿ ಅವನೂ ಒಬ್ಬ. ಇಷ್ಟು ಉದ್ಯೋಗಗಳ ನಡುವೆ ವಿಜ್ಞಾನಕ್ಕೆ ಬೆಳಗಿನಲ್ಲಿ ಕೆಲವು ಗಂಟೆ, ರಾತ್ರಿ ಕೆಲವು ಗಂಟೆ. ವಾರದಲ್ಲಿ ಒಂದು ದಿನ ಪೂರ್ತಿ. ಆ ದಿನವೇ ಅವನಿಗೆ ಹಬ್ಬ.

ಕ್ರಾಂತಿಯ ಕಾವು ಏರಿದಾಗ ಈ ಜಮೆಯನ್ನು ಯಾರೂ ಓದಲಿಲ್ಲ. ಹಿಂದೆ ಅಕಾಡೆಮಿಯಲ್ಲಿ ತನ್ನ ಬೆಂಕಿಯ ಸಿದ್ಧಾಂತಕ್ಕೆ ಮನ್ನಣೆ ಸಿಗದೆ ಕುದಿದಿದ್ದ ಮಾರಾ, 1791ರಲ್ಲಿ ತನ್ನ ಪತ್ರಿಕೆಯಲ್ಲಿ ಲವಾಸಿಯೆಯ ಮೇಲೆ ವಿಷ ಕಾರಿದ. ಅದೇ ವರ್ಷ ಗುತ್ತಿಗೆಯ ಕೂಟ ರದ್ದಾಯಿತು. 1793ರ ಆಗಸ್ಟಿನಲ್ಲಿ ಅಕಾಡೆಮಿಯೂ ಮುಚ್ಚಿತು. ನವೆಂಬರಿನಲ್ಲಿ ಕೂಟದ ಪಾಲುದಾರರನ್ನು ಹಿಡಿಯಲು ಆಜ್ಞೆಯಾಯಿತು. ಲವಾಸಿಯೆ ತನ್ನ ಮಾವನೊಡನೆ ತಾನಾಗಿ ಹೋಗಿ ಶರಣಾದ. ಬಂಧಿತರು ಸೆರೆಯಲ್ಲಿಯೇ ಕೂತು ಕೂಟದ ಲೆಕ್ಕಪತ್ರಗಳನ್ನೆಲ್ಲ ಸಿದ್ಧಪಡಿಸಿ ಒಪ್ಪಿಸಿದರು. ತಂಬಾಕಿಗೆ ನೀರು ಬೆರೆಸಿ ತೂಕ ಹೆಚ್ಚಿಸಿದರೆಂಬುದು ಆರೋಪಗಳಲ್ಲೊಂದು. ತೂಕಕ್ಕಾಗಿಯೇ ಬದುಕಿದವನ ಮೇಲೆ ತೂಕದ ಮೋಸದ ಆರೋಪ! 1794ರ ಮೇ 8ರಂದು ವಿಚಾರಣೆ ನಡೆಯಿತು. ಅದೇ ದಿನ ಇಪ್ಪತ್ತೆಂಟು ಮಂದಿಯ ತಲೆ ಗಿಲೊಟಿನ್ನಿಗೆ ಬಿದ್ದಿತು. ಅವರಲ್ಲಿ ಲವಾಸಿಯೆಯೂ ಅವನ ಮಾವನೂ ಇದ್ದರು. ಅವನ ವಯಸ್ಸು ಐವತ್ತು.

ಗಣರಾಜ್ಯಕ್ಕೆ ವಿದ್ವಾಂಸರು ಬೇಕಿಲ್ಲವೆಂದು ನ್ಯಾಯಾಧೀಶನು ಹೇಳಿದನೆಂಬ ಕಥೆ ಪ್ರಸಿದ್ಧವಾಗಿದೆ. ಅದಕ್ಕೆ ಸಮಕಾಲೀನ ಆಧಾರವಿಲ್ಲವೆಂದು ಚರಿತ್ರಕಾರರು ಹೇಳುತ್ತಾರೆ; ಆದ್ದರಿಂದ ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಗಣಿತಜ್ಞ ಲಗ್ರಾಂಜ್ ಮರುದಿನ ತನ್ನ ಮಿತ್ರನಲ್ಲಿ ಮರುಗಿದ್ದು ನಿಜ: ಆ ತಲೆಯನ್ನು ಉರುಳಿಸಲು ಒಂದು ಕ್ಷಣ ಸಾಕಾಯಿತು, ಅಂಥ ಇನ್ನೊಂದು ತಲೆ ಹುಟ್ಟಲು ನೂರು ವರ್ಷವೂ ಸಾಲದೆಂಬುದು ಅವನ ಮಾತಿನ ಭಾವ.

ಅವನ ಪತ್ನಿಯ ಹೆಸರು ಹೇಳದೆ ಈ ಚರಿತ್ರೆ ಪೂರ್ಣವಾಗದು. ಮರಿ-ಆನ್ 1771ರಲ್ಲಿ ಮದುವೆಯಾಗಿ ಬಂದಾಗ ಇನ್ನೂ ಹದಿಮೂರರ ಹುಡುಗಿ. ಗಂಡನ ಕೆಲಸಕ್ಕಾಗಿ ಇಂಗ್ಲಿಷ್ ಕಲಿತು, ಅಲ್ಲಿಯ ರಸಾಯನ ಗ್ರಂಥಗಳನ್ನು ಫ್ರೆಂಚಿಗೆ ಭಾಷಾಂತರಿಸಿಕೊಟ್ಟಳು. ಚಿತ್ರಕಲೆ ಕಲಿತು ಅವನ ಪುಸ್ತಕದ ಯಂತ್ರಗಳ ಚಿತ್ರಪಟಗಳನ್ನು ತಾನೇ ಬರೆದಳು. ಪ್ರಯೋಗದ ಟಿಪ್ಪಣಿಗಳನ್ನು ಬರೆದುಕೊಂಡಳು. ಒಂದೇ ದಿನ ತಂದೆಯನ್ನೂ ಗಂಡನನ್ನೂ ಕಳೆದುಕೊಂಡಳು. ಮುಟ್ಟುಗೋಲಾದ ಆಸ್ತಿ, ಪುಸ್ತಕ, ಉಪಕರಣಗಳು 1795ರಲ್ಲಿ ಅವಳಿಗೆ ಮರಳಿದವು. ಗಂಡನ ಕೊನೆಯ ಪ್ರಬಂಧಗಳನ್ನು ಅಚ್ಚುಮಾಡಿಸಿ ವಿದ್ವಾಂಸರಿಗೆ ಹಂಚಿದಳು. ಮುಂದೆ ರಂಫರ್ಡ್ ಎಂಬ ವಿಜ್ಞಾನಿಯನ್ನು ಮದುವೆಯಾದಾಗಲೂ ಲವಾಸಿಯೆ ಎಂಬ ಹೆಸರನ್ನು ಬಿಡಲೊಪ್ಪಲಿಲ್ಲ. 1836ರವರೆಗೆ ಬದುಕಿದ್ದ ಆ ಸಾಧ್ವಿಯ ಹೆಸರು ಗಂಡನ ಪುಸ್ತಕದ ಮುಖಪುಟದಲ್ಲಿಲ್ಲ. ಅದೂ ಬರೆಯದೆ ಬಿಟ್ಟುಹೋದ ಒಂದು ಜಮೆಯೇ.

ಈ ಬಾಳಿನಿಂದ ನಾವು ತಿಳಿಯಬೇಕಾದದ್ದೇನು? ಕಾಣದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬುದೇ ನನಗೆ ತೋರುವ ಸಾರ. ಗಾಳಿಯನ್ನು ತೂಗಿದ ಲವಾಸಿಯೆ, ತನ್ನ ಉಪ್ಪಿನ ಸುಂಕದ ಕೆಳಗೆ ನರಳುತ್ತಿದ್ದವರ ನಿಟ್ಟುಸಿರನ್ನು ಸಾಕಷ್ಟು ತೂಗಲಿಲ್ಲ. ಅವನನ್ನು ಕೊಂದವರು ಅವನ ವಿದ್ಯೆಯನ್ನು ತೂಗಲಿಲ್ಲ. ಇಬ್ಬರ ಪುಸ್ತಕದಲ್ಲಿಯೂ ಒಂದು ಪುಟ ಖಾಲಿ. ಹಾಗೆಂದು ಎರಡು ತಪ್ಪುಗಳೂ ಸಮ ತೂಕದವೆಂದು ನಾನು ಹೇಳಲಾರೆ. ಸುಂಕವನ್ನು ರದ್ದುಮಾಡಬಹುದು, ವಸೂಲಾದ ಹಣವನ್ನು ಹಿಂದಿರುಗಿಸಬಹುದು. ಹೋದ ತಲೆ ಮರಳಿ ಬಾರದು.

ಕಡೆಯದಾಗಿ ಒಂದು ಅರಿಕೆ. ಹೊರನಾಡಿನಲ್ಲಿರುವ ನಮ್ಮ ಮಕ್ಕಳು ವಿಜ್ಞಾನವನ್ನು ಇಂಗ್ಲಿಷಿನಲ್ಲಿಯೋ ಈ ಊರಿನ ಭಾಷೆಯಲ್ಲಿಯೋ ಓದುತ್ತಾರೆ, ಅದು ಅನಿವಾರ್ಯ. ಆದರೆ ಮನೆಯ ಮಾತಿನಲ್ಲಿ ವಿಜ್ಞಾನವೇ ಇಲ್ಲವೆಂದು ಅವರು ತಿಳಿದುಬಿಡಬಾರದು. 1918ರ ಸುಮಾರಿಗೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಬೆಂಗಳೂರಿನಿಂದ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನೇ ಕನ್ನಡದಲ್ಲಿ ನಡೆಸಿದ್ದರು. ನಮ್ಮ ವಾಚನಾಲಯದಲ್ಲಿ ತಿಂಗಳಿಗೆ ಒಂದು ಸಂಜೆ ಮಕ್ಕಳನ್ನು ಕೂರಿಸಿಕೊಂಡು, ಜಲಜನಕವೆಂದರೆ ಏಕೆ ಜಲಜನಕ, ಆಮ್ಲಜನಕವೆಂಬ ಹೆಸರಿನಲ್ಲಿ ತಪ್ಪೇನು ಎಂದು ಕನ್ನಡದಲ್ಲಿ ಹೇಳಿಕೊಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಒಂದು ತಕ್ಕಡಿ, ಒಂದು ಮೇಣದ ಬತ್ತಿ, ಒಂದು ಗಾಜಿನ ಲೋಟ ಇದ್ದರೆ ಆರಂಭಿಸಬಹುದು. ಕಾರ್ಯಕಾರಿ ಸಮಿತಿಯವರು ಒಪ್ಪಿದರೆ ಆ ಖರ್ಚಿನ ಲೆಕ್ಕ ಬರೆದಿಡುವ ಹೊಣೆ ನನ್ನದು.